ಸ್ಯಾನ್ ರಮೋನಿನಲ್ಲಿ ಶುರುವಾಗದ ಮಹಾಯುದ್ಧ

ಒಂದು ಮಹಾಯುದ್ಧ ಶುರು ಮಾಡಿಸಲು ಒಂದು ವಾರ ಸಾಕು ಎಂಬುದು ನಮ್ಮ ಸ್ಕೂಲಿನ ಇತಿಹಾಸ ವಿಭಾಗದ ದೃಢ ನಂಬಿಕೆಯಾಗಿತ್ತು. ಸೋಮವಾರ ಮೈತ್ರಿಕೂಟಗಳು, ಮಂಗಳವಾರ ಶಸ್ತ್ರಾಸ್ತ್ರದ ಪೈಪೋಟಿ, ಬುಧವಾರ ವಸಾಹತುಗಳು, ಗುರುವಾರ ಬಾಲ್ಕನ್ ಜಗಳ. ಶುಕ್ರವಾರ ಆಸ್ಟ್ರಿಯಾದ ಯುವರಾಜನ ಕೊಲೆಯಾಗಿ, ಪೀರಿಯಡ್ಡಿನ ಬೆಲ್ಲು ಹೊಡೆಯುವುದರೊಳಗೆ ಇಡೀ ಯುರೋಪು ಹೊತ್ತಿ ಉರಿಯಬೇಕು. ಯಾಕೆಂದರೆ ಮುಂದಿನ ಸೋಮವಾರದ ಪಾಠ ಸೈನಿಕರ ಕಂದಕಗಳ ಬಗ್ಗೆ. ಯುದ್ಧವೇ ಆಗದಿದ್ದರೆ ಮಕ್ಕಳನ್ನು ಕಂದಕಕ್ಕೆ ಇಳಿಸುವುದು ಹೇಗೆ?

ನಾನು ಸುಮತಿ ರಾವ್. ಅಮೆರಿಕದ ಸ್ಯಾನ್ ರಮೋನ್ ಊರಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿಗೆ ಪ್ರಪಂಚದ ಇತಿಹಾಸ ಹೇಳಿಕೊಡುತ್ತಿದ್ದವಳು, ಕಳೆದ ಜೂನಿನಲ್ಲಿ ನಿವೃತ್ತಳಾದೆ. ನಮ್ಮವರಲ್ಲಿ ಇಲ್ಲಿ ಸ್ಕೂಲ್ ಟೀಚರಾಗುವವರು ಕಡಿಮೆ. ಈಚೆಗೆ ನಾಲ್ಕಾರು ಕನ್ನಡದ ಹುಡುಗಿಯರು ಟೀಚರ್ ಟ್ರೈನಿಂಗಿಗೆ ಸೇರಿದ್ದಾರೆ, ಗ್ರೋಸರಿ ಅಂಗಡಿಯಲ್ಲಿ ಸಿಕ್ಕರೂ ಬಿಡುವುದಿಲ್ಲ, "ಆಂಟಿ, ಕೆಲಸ ನಿಜವಾಗ್ಲೂ ಹೇಗಿರುತ್ತೆ ಹೇಳಿ" ಅನ್ನುತ್ತಾರೆ. ಕೊತ್ತಂಬರಿ ಸೊಪ್ಪು ಆರಿಸುತ್ತಾ ಹೇಳಿ ಮುಗಿಸುವ ವಿಷಯವಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ. ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ, ನನಗೆ ನೆನಪಿರುವುದು ಮಾತ್ರ ಕನ್ನಡದಲ್ಲಿ.

ಮೊದಲ ದಿನವೇ ನಾನು ನಗೆಪಾಟಲಾದೆ. ಮೈಸೂರಿನಲ್ಲಿ ಎಂ.ಎ. ಓದಿದವಳು, ಅಲ್ಲಿ ಮೇಷ್ಟರು ಒಳಗೆ ಬಂದರೆ ಕ್ಲಾಸಿಗೆ ಕ್ಲಾಸೇ ಎದ್ದು ನಿಲ್ಲುತ್ತಿತ್ತು. ನಾನೂ ಗಂಭೀರವಾಗಿ ಒಳಗೆ ಬಂದು, ಮೇಜಿನ ಪಕ್ಕ ನಿಂತು, ಅವರು ಏಳಲಿ ಅಂತ ಕಾದೆ. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಹೀಗೇ ಬಹಳ ಹೊತ್ತು ನಡೆಯಿತು. ಕೊನೆಗೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ಸದ್ಯ, ಒಬ್ಬನಾದರೂ ಮರ್ಯಾದಸ್ಥ ಅಂದುಕೊಳ್ಳುವಷ್ಟರಲ್ಲಿ ರೆಸ್ಟ್‌ರೂಮಿಗೆ ಹೋಗಬಹುದಾ ಅಂತ ಕೇಳಿದ.

ಎರಡನೇ ಅನಾಹುತ ಅದೇ ವರ್ಷ, ಮೊದಲ ಮಹಾಯುದ್ಧದ ಪಾಠದ ವಾರದಲ್ಲಿ. ನಮ್ಮಲ್ಲಿ ಪಾಠವನ್ನು ಆಟದ ಹಾಗೆ ಆಡಿಸುವ ಪದ್ಧತಿ. ಮಕ್ಕಳೇ ದೇಶಗಳು. ಯಾರಿಗೆ ಏನು ಬೇಕು, ಯಾರ ಮೇಲೆ ಹೊಟ್ಟೆಕಿಚ್ಚು ಅನ್ನುವುದನ್ನು ಪ್ರತಿ ದೇಶಕ್ಕೂ ಕಿವಿಯಲ್ಲಿ ಹೇಳಿಬಿಡುತ್ತೇವೆ, ಅವರು ವಾರವೆಲ್ಲ ಮಾತುಕತೆ ನಡೆಸುತ್ತಾರೆ. ಯುವರಾಜನ ಕೊಲೆಗೆ ಒಂದು ಸದ್ದು ಬೇಕಲ್ಲ, ನಾನು ಕಾಗದದ ಚೀಲ ಊದಿ ಫಟ್ ಅಂತ ಒಡೆದೆ. ಅಮೆರಿಕದ ಸ್ಕೂಲಿನಲ್ಲಿ ಗುಂಡು ಹಾರಿದಂಥ ಸದ್ದು ಮಾಡಬಾರದು ಅಂತ ನನಗೆ ಯಾರೂ ಹೇಳಿರಲಿಲ್ಲ, ಹೇಳಬೇಕು ಅಂತ ಅವರಿಗೂ ಹೊಳೆದಿರಲಿಲ್ಲ. ಪಕ್ಕದ ಕ್ಲಾಸಿನ ಬಾಗಿಲುಗಳು ಪಟಪಟ ಮುಚ್ಚಿಕೊಂಡವು, ಪ್ರಿನ್ಸಿಪಾಲರು ಬಿಳಿಚಿಕೊಂಡ ಮುಖದಲ್ಲಿ ಓಡಿ ಬಂದರು. ಎಲ್ಲ ತಿಳಿದ ಮೇಲೆ, "ಮಿಸೆಸ್ ರಾವ್, ಈ ಕಟ್ಟಡದಲ್ಲಿ ಇನ್ನು ಮೇಲೆ ಪಾಪ್‌ಕಾರ್ನ್ ಕೂಡ ಸಿಡಿಯಕೂಡದು" ಅಂದರು.

ಆದ್ದರಿಂದ ಎರಡನೇ ವರ್ಷ ನಾನು ದೇವರ ಮನೆಯ ಗಂಟೆಯನ್ನು ಬ್ಯಾಗಿಗೆ ಹಾಕಿಕೊಂಡು ಹೋದೆ. ಗಂಟೆ ಅಲ್ಲಾಡಿಸಿದರೆ ಯುವರಾಜ ಸತ್ತ ಅಂತ ಅರ್ಥ. ಅಭ್ಯಾಸಕ್ಕೆಂದು ಒಂದು ಸಲ ಬಾರಿಸಿ ನೋಡಿದಾಗ, ಕ್ಲಾಸಿನಲ್ಲಿದ್ದ ನಮ್ಮ ಕಡೆಯ ಮಕ್ಕಳೆಲ್ಲ ತಮಗೇ ಗೊತ್ತಿಲ್ಲದ ಹಾಗೆ ಕೈ ಮುಗಿದರು. ಒಬ್ಬಳು ಕಣ್ಣನ್ನೂ ಮುಚ್ಚಿದಳು.

ಆ ಎರಡನೇ ವರ್ಷದ ಕತೆಯೇ ನಾನು ಹೇಳಹೊರಟಿದ್ದು. ಇಲ್ಲಿ ಹೊಸ ಟೀಚರಿಗೆ ಎರಡು ವರ್ಷ ಪ್ರೊಬೇಷನ್ನು. ಎರಡನೇ ವರ್ಷ ವಿಭಾಗದ ಮುಖ್ಯಸ್ಥರು ಕ್ಲಾಸಿಗೆ ಬಂದು ಕೂತು ನೋಡುತ್ತಾರೆ. ಅವರು ಸರಿ ಅಂದರೆ ಕೆಲಸ ಖಾಯಂ. ಅಲ್ಲ ಅಂದರೆ ಜೂನಿನಲ್ಲಿ ಕೈಕುಲುಕಿ ಕಳಿಸುತ್ತಾರೆ, ಕಾರಣ ಕೂಡ ಹೇಳಬೇಕಾಗಿಲ್ಲ. ನಮ್ಮ ಮುಖ್ಯಸ್ಥೆ ಮಿಸೆಸ್ ಡಾಲ್ಟನ್. ತೆಳ್ಳಗಿನ, ನೆಟ್ಟಗೆ ಕೂರುವ ಹೆಂಗಸು. ಹೊಗಳಬೇಕಾದರೆ "ಹ್ಞೂಂ" ಅನ್ನುತ್ತಿದ್ದರು, ಬೈಯಬೇಕಾದರೂ "ಹ್ಞೂಂ" ಅನ್ನುತ್ತಿದ್ದರು. ಯಾವುದು ಯಾವುದು ಅಂತ ಇಡೀ ವಿಭಾಗದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನನಗೆ ಆ ಕೆಲಸ ಬೇಕಿತ್ತು. ಮುಚ್ಚುಮರೆ ಯಾಕೆ, ಜೀವ ಬಿಡುವಷ್ಟು ಬೇಕಿತ್ತು. ಗಂಡನ ವೀಸಾದ ಬಾಲವಾಗಿ ಬಂದವಳಿಗೆ ವರ್ಷಗಟ್ಟಲೆ ದುಡಿಯುವ ಅನುಮತಿಯೇ ಇರಲಿಲ್ಲ. ಯಾವ ಪಾರ್ಟಿಗೆ ಹೋದರೂ "ರಘು ಅವರ ವೈಫು" ಅಷ್ಟೇ. ಅನುಮತಿ ಬಂದ ಮೇಲೆ, ನನ್ನ ಅರ್ಧ ವಯಸ್ಸಿನ ಹುಡುಗರ ಪಕ್ಕ ಕೂತು ಮತ್ತೆ ಓದಿದೆ. ಈಗ ಒಂದು ಕೋಣೆಯ ಬಾಗಿಲ ಮೇಲೆ ನನ್ನ ಹೆಸರಿತ್ತು, ಅದರ ಬೀಗದ ಕೈ ನನ್ನ ಹತ್ತಿರವಿತ್ತು. ಬೆಳಿಗ್ಗೆ ಬೀಗ ತೆಗೆಯುವಾಗ ಸುಮ್ಮನೆ ನಗು ಬರುತ್ತಿತ್ತು.

ಮಿಸೆಸ್ ಡಾಲ್ಟನ್ ಬರುವುದು ಯುದ್ಧದ ಶುಕ್ರವಾರ ಅಂತ ನಿಗದಿಯಾಯಿತು. ಗುರುವಾರ ನಾನು ಮಕ್ಕಳಿಗೆ ಬಾಲ್ಕನ್ ಜಗಳ ವಿವರಿಸುತ್ತಿದ್ದೆ. ಸೆರ್ಬಿಯಾದ ಕಡೆಯವನೊಬ್ಬ ಆಸ್ಟ್ರಿಯಾದ ಯುವರಾಜನನ್ನು ಕೊಂದ, ಆಸ್ಟ್ರಿಯಾ ಸೆರ್ಬಿಯಾದ ಮುಂದೆ ಒಂದಷ್ಟು ಕಠಿಣ ಷರತ್ತು ಇಟ್ಟಿತು, ಸೆರ್ಬಿಯಾ ಹೆಚ್ಚೂಕಡಿಮೆ ಎಲ್ಲಕ್ಕೂ ಒಪ್ಪಿದರೂ ಯುದ್ಧ ಆಯಿತು. ಮಕ್ಕಳ ಮುಖದಲ್ಲಿ ನಿದ್ದೆ. ನಾನು ಹುಮ್ಮಸ್ಸಿನಲ್ಲಿ ನನ್ನ ಮದುವೆಯ ಕತೆ ತೆಗೆದೆ.

"ನಮ್ಮಲ್ಲಿ ಮದುವೆ ಅಂದ್ರೆ ಗಂಡಿನ ಕಡೆಯವರು ಒಬ್ಬರಾದ್ರೂ ಮುನಿಸಿಕೊಳ್ಳಲೇಬೇಕು. ನಮ್ಮ ಮದುವೇಲಿ ನನ್ನ ಗಂಡನ ಸೋದರಮಾವ ಕಾಫಿ ತಣ್ಣಗಿತ್ತು ಅಂತ ಊಟಕ್ಕೇ ಬರಲ್ಲ ಅಂತ ಕೂತ್ಬಿಟ್ರು. ಆಸ್ಟ್ರಿಯಾ ಅಂದ್ರೆ ಅವರೇ ಅಂದ್ಕೊಳ್ಳಿ" ಅಂದೆ.

ಕ್ಲಾಸು ಎದ್ದು ಕೂತಿತು. ಆಸ್ಟ್ರಿಯಾ ಆಗಿದ್ದ ಕೆವಿನ್, ತೈವಾನಿನಿಂದ ಬಂದವರ ಮಗ, "ಆಮೇಲೆ ಊಟಕ್ಕೆ ಬಂದ್ರಾ?" ಅಂತ ಕೇಳಿದ. ನಮ್ಮಪ್ಪ ಮೂರು ಸಲ ಹೋಗಿ ಕರೆದರೆಂದೂ, ಎರಡು ಸಲ ಮುಖ ತಿರುಗಿಸಿದ ಮಾವ ಮೂರನೇ ಸಲಕ್ಕೆ ಬಂದು ಹೋಳಿಗೆ ಹಾಕಿಸಿಕೊಂಡು ಹಾಕಿಸಿಕೊಂಡು ತಿಂದರೆಂದೂ ಹೇಳಿದೆ. ಕೆವಿನ್ ಏನನ್ನೋ ಬರೆದುಕೊಂಡ. ಸೆರ್ಬಿಯಾ ಆಗಿದ್ದ ಸಾನಿಯಾ ಕೂಡ ತಲೆ ಆಡಿಸಿದಳು. ಅವಳ ಅಜ್ಜ ಅಜ್ಜಿ ಬೆಂಗಳೂರಿನವರು, ಅವಳಿಗೆ ಈ ಸಂಗತಿ ಹೊಸದೇನಲ್ಲ. ಪಾಠ ಎಷ್ಟು ಚೆನ್ನಾಗಿ ಇಳಿಯಿತಲ್ಲ ಅಂತ ನಾನು ಹಿಗ್ಗಿ ಹೀರೇಕಾಯಿಯಾದೆ.

ಶುಕ್ರವಾರ ಮಿಸೆಸ್ ಡಾಲ್ಟನ್ ಹಿಂದಿನ ಸಾಲಿನಲ್ಲಿ ನೆಟ್ಟಗೆ ಕೂತರು. ನಾನು ಗಂಟೆ ಬಾರಿಸಿದೆ. ಒಂದಷ್ಟು ಜನ ಕೈ ಮುಗಿದರು. ಆಸ್ಟ್ರಿಯಾದ ಕೆವಿನ್ ಎದ್ದು ತನ್ನ ಷರತ್ತುಗಳನ್ನು ಗುಡುಗಿದ. ಎಲ್ಲ ಸರಿಯಾಗಿತ್ತು.

ಆಗ ಸಾನಿಯಾ ಎದ್ದಳು. ಬೆನ್ನಿನ ಚೀಲದಿಂದ ಒಂದು ಡಬ್ಬ ತೆಗೆದಳು. ಅದರೊಳಗೆ ಅವಳ ಅಜ್ಜಿ ಮಾಡಿದ ದಮ್‌ರೋಟ್, ಬೂದುಗುಂಬಳ ಮತ್ತು ರವೆಯ ಸಿಹಿ, ಮೇಲೆ ಬಾದಾಮಿ. ಯಾವ ಮಗುವಿಗೆ ಅಲರ್ಜಿಯೋ ಅನ್ನುವ ಭಯಕ್ಕೆ ಮನೆಯ ತಿಂಡಿ, ಅದರಲ್ಲೂ ಬಾದಾಮಿ ಹಾಕಿದ್ದು, ಕ್ಲಾಸಿನೊಳಗೆ ಬರುವಂತೆಯೇ ಇಲ್ಲ. ನಾನು ತಡೆಯುವ ಮೊದಲೇ ಅವಳು ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಆಸ್ಟ್ರಿಯಾದ ಮುಂದೆ ನಿಂತಿದ್ದಳು.

"ನಿಮ್ಮ ಯುವರಾಜ ಹೋಗಿದ್ದು ನಮಗೂ ಬೇಜಾರಾಗಿದೆ. ನಿಮ್ಮ ಷರತ್ತೆಲ್ಲ ಒಪ್ಕೋತೀವಿ. ಬನ್ನಿ, ತಿನ್ನಿ" ಅಂದಳು.

ಕೆವಿನ್ ಮುಖ ತಿರುಗಿಸಿದ. ಅವಳು ಮತ್ತೆ ಕರೆದಳು. ಅವನು ಮತ್ತೆ ತಿರುಗಿಸಿದ. ಮೂರನೇ ಸಲಕ್ಕೆ ನಿಟ್ಟುಸಿರು ಬಿಟ್ಟು, ನಮ್ಮ ಸೋದರಮಾವನನ್ನೇ ಕಣ್ಣಾರೆ ಕಂಡವನ ಹಾಗೆ, ಒಂದು ದೊಡ್ಡ ತುಂಡು ಬಾಯಿಗಿಟ್ಟ. ಕ್ಲಾಸು ಚಪ್ಪಾಳೆ ತಟ್ಟಿತು. ರಷ್ಯಾ ಫ್ರಾನ್ಸುಗಳು ಪಾಲು ಕೇಳಲು ಎದ್ದು ಬಂದವು.

ಗೋಡೆ ಗಡಿಯಾರ ಓಡುತ್ತಿತ್ತು. ನಾನು ನಗುನಗುತ್ತಾ ರಷ್ಯಾದ ಹತ್ತಿರ ಹೋಗಿ, "ಜರ್ಮನಿ ನಿಮ್ಮ ಬಗ್ಗೆ ಏನೋ ಅಂತಿತ್ತಪ್ಪ" ಅಂದೆ. ರಷ್ಯಾ ಬಾಯಿ ತುಂಬ ಸಿಹಿ ಇಟ್ಟುಕೊಂಡು ಪರವಾಗಿಲ್ಲ ಅಂತ ಕೈಯಾಡಿಸಿತು. ಫ್ರಾನ್ಸಿಗೆ ಜರ್ಮನಿಯ ಕೈಲಿ ಅದು ತಿಂದ ಹಳೇ ಸೋಲನ್ನು ನೆನಪಿಸಿದೆ. ಅದು ಈಗ ಆ ಮಾತೆಲ್ಲ ಯಾಕೆ ಅಂದಿತು. ಸಾಕ್ಷಾತ್ ಶಕುನಿಯ ಹಾಗೆ ಮೇಜಿನಿಂದ ಮೇಜಿಗೆ ಸುತ್ತಿದೆ. ಕೊನೆಗೆ ಜರ್ಮನಿ. ಅದು ನಿಖಿಲ್, ಮೃದು ಸ್ವಭಾವದ ಕನ್ನಡದ ಹುಡುಗ, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಅವನ ಕಿವಿಯ ಹತ್ತಿರ ಬಗ್ಗಿ ಕನ್ನಡದಲ್ಲೇ, "ನಿಖಿಲ್, ಚಿನ್ನ, ಬೆಲ್ಜಿಯಮ್ ಮೇಲೆ ಯುದ್ಧಕ್ಕೆ ಹೋಗೋ, ಬೆಲ್ ಹೊಡೆಯುತ್ತೆ" ಅಂತ ಪಿಸುಗುಟ್ಟಿದೆ.

ಅವನು ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ, "ಮಿಸೆಸ್ ರಾವ್, ಬೆಲ್ಜಿಯಮ್ ನನಗೇನೂ ಮಾಡಿಲ್ಲವಲ್ಲ" ಅಂದ.

ಬೆಲ್ಲು ಹೊಡೆಯಿತು. ಯುರೋಪು ಬೆರಳು ಚೀಪುತ್ತಾ ಊಟಕ್ಕೆ ಹೋಯಿತು.

ಮಿಸೆಸ್ ಡಾಲ್ಟನ್ ಎದ್ದು ಬಂದರು. ನಾನು ಖಾಲಿ ಡಬ್ಬ ಹಿಡಿದು ನಿಂತಿದ್ದೆ. "ಯುದ್ಧ ಯಾಕೆ ಆಯಿತು ಅಂತ ಈ ಮಕ್ಕಳಿಗೆ ಗೊತ್ತಾಗಲಿಲ್ಲ, ಮಿಸೆಸ್ ರಾವ್. ಆಗಬೇಕಾಗಿರಲಿಲ್ಲ ಅಂತ ಗೊತ್ತಾಯಿತು. ಅದು ಬೇರೆ ಪಾಠ" ಅಂದರು. ಆಮೇಲೆ, ಮುಂದಿನ ಶುಕ್ರವಾರ ಇನ್ನೊಂದು ಸಲ ಬರುವುದಾಗಿಯೂ, ಅಷ್ಟರಲ್ಲಿ ಯುದ್ಧ ಮುಗಿದು ಶಾಂತಿ ಒಪ್ಪಂದದ ಪಾಠ ನಡೆಯುತ್ತಿರಬೇಕೆಂದೂ, ಆಗಲೂ ಹೀಗೇ ಆದರೆ ತಾನು ಶಿಫಾರಸು ಮಾಡಲಾಗುವುದಿಲ್ಲವೆಂದೂ ಹೇಳಿದರು. "ಹ್ಞೂಂ" ಕೂಡ ಅನ್ನಲಿಲ್ಲ.

ಮನೆಗೆ ಬಂದು ಅಡಿಗೆ ಮಾಡುವಾಗ ಅಳುವೂ ನಗುವೂ ಒಟ್ಟಿಗೇ ಬರುತ್ತಿದ್ದವು. ನನ್ನ ಗಂಡ ರಘುಗೆ ಸಾಂಟಾ ಕ್ಲಾರಾದಲ್ಲಿ ಚಿಪ್ ಕಂಪನಿಯ ಕೆಲಸ. ದಿನಾ ೬೮೦ ನಂಬರಿನ ಫ್ರೀವೇಯ ಟ್ರಾಫಿಕ್ಕಿನಲ್ಲಿ ಅರ್ಧ ಆಯುಷ್ಯ ಕಳೆದು ಮನೆ ಸೇರುವ ಮನುಷ್ಯ. ಸಾರನ್ನ ಕಲಸುತ್ತಾ ನನ್ನ ಕತೆ ಕೇಳಿದರು, ನಕ್ಕರು, ನಾನು ಗುರಾಯಿಸಿದ ಮೇಲೆ ನಗು ನಿಲ್ಲಿಸಿದರು.

"ಅಲ್ಲ ಕಣೇ ಸುಮತಿ, ನೀನು ತಪ್ಪು ಮನುಷ್ಯನ್ನ ಉದಾಹರಣೆ ಕೊಟ್ಟಿದೀಯ. ಮಾವನ್ನ ಯಾಕೆ ಹೇಳ್ದೆ? ನಮ್ಮ ದೊಡ್ಡಪ್ಪನ್ನ ಹೇಳ್ಬೇಕಿತ್ತು."

"ದೊಡ್ಡಪ್ಪ ಏನ್ರೀ ಮಾಡಿದ್ರು?"

"ಅವರಿಗೆ ನಾನು ಅವರ ಸ್ನೇಹಿತರ ಮಗಳನ್ನ ಮಾಡ್ಕೊಳ್ಳಲಿ ಅಂತಿತ್ತು. ಮುಂದಿನ ಸಾಲಲ್ಲಿ ಕುರ್ಚಿ ಹಾಕಿಲ್ಲ ಅಂತ ಜಗಳ ತೆಗೆದ್ರು. ನಿಮ್ಮಪ್ಪ ಕುರ್ಚಿ ಹಾಕಿಸಿದ್ರು, ಕಾಲಿಗೆ ಬಿದ್ರು, ಕೇಳಿದ್ದೆಲ್ಲ ಮಾಡಿದ್ರು. ಆದ್ರೂ ಹೊರಟುಬಿಟ್ರಲ್ಲ. ಛತ್ರದ ಗೇಟಲ್ಲಿ ಅವರ ಕಾರು ಬೆಳಿಗ್ಗೆಯಿಂದ ರೆಡಿ ನಿಂತಿತ್ತು, ಪೆಟ್ಟಿಗೆ ಎಲ್ಲ ಒಳಗೆ ಹಾಕಿ. ಮಾವನಿಗೆ ಕರೀಲಿ ಅಂತ ಕೋಪ. ದೊಡ್ಡಪ್ಪನಿಗೆ ಹೋಗ್ಬೇಕಿತ್ತು, ಅದಕ್ಕೊಂದು ಕೋಪ ಬೇಕಿತ್ತು."

ನಾನು ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ. ಇಷ್ಟು ವರ್ಷ ಇತಿಹಾಸ ಓದಿದ್ದೆ, ಪರೀಕ್ಷೆಗಳಲ್ಲಿ ಪುಟಗಟ್ಟಲೆ ಬರೆದಿದ್ದೆ, ಇದು ಹೊಳೆದಿರಲಿಲ್ಲ. ನಾನು ಆ ಷರತ್ತುಗಳನ್ನು ಬೀಗರ ಮುನಿಸು ಅಂದುಕೊಂಡಿದ್ದೆ. ಮುನಿಸಿಗೆ ಮದ್ದಿದೆ. ಹೊರಡಲು ತಯಾರಾಗಿ ಕಾರು ತರಿಸಿ ನಿಲ್ಲಿಸಿದವನಿಗೆ ಯಾವ ಸಿಹಿ ತಿನ್ನಿಸಿದರೂ ಉಪಯೋಗವಿಲ್ಲ.

ಸೋಮವಾರ ಕಂದಕಗಳನ್ನು ಪಕ್ಕಕ್ಕಿಟ್ಟು ದೊಡ್ಡಪ್ಪನನ್ನು ಕ್ಲಾಸಿಗೆ ಕರೆತಂದೆ. ಕಾರಿನ ವಿಷಯ ಬಂದಾಗ ಸಾನಿಯಾಗೆ ಸಿಟ್ಟು ಬಂತು. "ಹಾಗಾದ್ರೆ ನಾವು ಕ್ಷಮೆ ಕೇಳಿದ್ದು ಸುಮ್ಮನೆನಾ?" ಅಂದಳು. ಆಸ್ಟ್ರಿಯಾಕ್ಕೆ ಸೆರ್ಬಿಯಾವನ್ನು ಬಗ್ಗುಬಡಿಯಲೇಬೇಕಿತ್ತು ಅಂದೆ. ಜರ್ಮನಿ, ನೀನು ಮುಂದೆ ಹೋಗು, ಏನೇ ಆದರೂ ನಾನಿದ್ದೇನೆ ಅಂತ ಅದರ ಬೆನ್ನು ತಟ್ಟಿತ್ತು ಅಂದೆ. ದೊಡ್ಡ ದೇಶಗಳು ಸೈನ್ಯ ಸಾಗಿಸುವ ರೈಲುಗಳ ವೇಳಾಪಟ್ಟಿಯನ್ನು ವರ್ಷಗಳ ಮೊದಲೇ ಸಿದ್ಧ ಮಾಡಿಟ್ಟುಕೊಂಡಿದ್ದವು, ಒಂದರ ರೈಲು ಹೊರಟರೆ ಇನ್ನೊಂದಕ್ಕೆ ಸುಮ್ಮನಿರಲು ಭಯ. ಕೆವಿನ್ ತಾನು ಸಾನಿಯಾಳ ಸಿಹಿ ತಿನ್ನಬಾರದಿತ್ತು ಅಂದ. ಆಮೇಲೆ ಆಟವನ್ನು ಮೊದಲಿನಿಂದ ಆಡಿದರು. ನಾನು ಗಂಟೆಯನ್ನು ಚೀಲದಿಂದ ತೆಗೆಯುವ ಮೊದಲೇ ಯುದ್ಧ ಶುರುವಾಗಿಹೋಯಿತು. ಜರ್ಮನಿ ಫ್ರಾನ್ಸಿಗೆ ನುಗ್ಗುವ ದಾರಿಯಲ್ಲಿ ಸಿಕ್ಕಿದ, ಬೆಲ್ಜಿಯಮ್ ಆಗಿದ್ದ ಪುಟ್ಟ ಹುಡುಗಿಗೆ ತಾನು ಏನು ತಪ್ಪು ಮಾಡಿದೆ ಅಂತ ಕೊನೆಯವರೆಗೂ ತಿಳಿಯಲಿಲ್ಲ.

ಮಂಗಳವಾರದಿಂದ ಗುರುವಾರದವರೆಗೆ ಕಂದಕ, ಕೆಸರು, ಸಾವು. ಶುಕ್ರವಾರ ಶಾಂತಿ ಒಪ್ಪಂದ, ಮತ್ತೆ ಮಿಸೆಸ್ ಡಾಲ್ಟನ್, ಅದೇ ಕುರ್ಚಿ.

ನಿಯಮ ಒಂದೇ, ಮತ್ತು ಅದು ನಿಜವಾಗಿ ನಡೆದದ್ದೇ: ಗೆದ್ದವರು ಕೂತು ಷರತ್ತುಗಳನ್ನು ಬರೆಯುತ್ತಾರೆ, ಸೋತ ಜರ್ಮನಿಗೆ ಆ ಚರ್ಚೆಯಲ್ಲಿ ಜಾಗವಿಲ್ಲ, ಕೊನೆಯಲ್ಲಿ ಬಂದು ಸಹಿ ಹಾಕಬೇಕು. ನಿಖಿಲ್‌ನನ್ನು ಕಾರಿಡಾರಿಗೆ ಕಳಿಸಿದೆ. ಬಾಗಿಲಲ್ಲಿ ಒಂದು ಗಾಜಿನ ಕಿಟಕಿ, ಅದರಲ್ಲಿ ಅವನ ಮುಖ ಕಾಣುತ್ತಿತ್ತು. ಒಳಗಿನ ಮಾತು ಅವನಿಗೆ ಕೇಳುತ್ತಿರಲಿಲ್ಲ.

ಒಳಗೆ ಹಬ್ಬ. ಫ್ರಾನ್ಸು ಕಲ್ಲಿದ್ದಲ ಗಣಿ ತೆಗೆದುಕೊಂಡಿತು, ಬ್ರಿಟನ್ನು ಹಡಗು ತೆಗೆದುಕೊಂಡಿತು. ನಿಖಿಲ್ ಒಂದಕ್ಕಿಂತ ಹೆಚ್ಚು ಪೆನ್ಸಿಲ್ ಇಟ್ಟುಕೊಳ್ಳಕೂಡದು ಅಂತ ಒಬ್ಬ ಬರೆಸಿದ. ಎಲ್ಲರ ಬ್ಯಾಗನ್ನೂ ಅವನೇ ಬಸ್ಸಿನ ತನಕ ಹೊರಬೇಕು ಅಂತ ಇನ್ನೊಬ್ಬ. ಆಗಿದ್ದೆಲ್ಲ ತನ್ನ ತಪ್ಪೇ ಅಂತ ಅವನು ಒಪ್ಪಿಕೊಳ್ಳಬೇಕು ಅಂತ ಸಾನಿಯಾ ಸೇರಿಸಿದಳು. ಶುರು ಮಾಡಿದ್ದು ಕೆವಿನ್ ಅಲ್ಲವಾ ಅಂತ ಯಾರೋ ನೆನಪಿಸಿದರು. ಆಸ್ಟ್ರಿಯಾ ಚೂರುಚೂರಾಗಿ, ಕೆವಿನ್ ಈಗ ಯಾವ ಲೆಕ್ಕಕ್ಕೂ ಇಲ್ಲದೆ ಮೂಲೆಯಲ್ಲಿ ಕೂತಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿಜ ಹೇಳುತ್ತೇನೆ, ನಾನೂ ನಕ್ಕೆ.

ನಿಖಿಲ್‌ನನ್ನು ಒಳಗೆ ಕರೆದರು. ಕೂರಲು ಕುರ್ಚಿ ಇರಲಿಲ್ಲ, ಅವನ ಕುರ್ಚಿಯನ್ನು ಇಟಲಿ ತೆಗೆದುಕೊಂಡಿತ್ತು. ನಿಂತುಕೊಂಡೇ ಓದಿದ. ತಪ್ಪೆಲ್ಲ ತನ್ನದು ಅನ್ನುವ ಸಾಲನ್ನು ಎರಡು ಸಲ ಓದಿದ. ಬೇರೆ ದಾರಿ ಇದೆಯಾ ಅಂತ ನನ್ನ ಮುಖ ನೋಡಿದ. ಇಲ್ಲ ಅಂತ ತಲೆಯಾಡಿಸಿದೆ. ಸಹಿ ಹಾಕಿದ. ಹುಡುಗರು ಮತ್ತೆ ಚಪ್ಪಾಳೆ ತಟ್ಟಿ ಕೇಕೆ ಹಾಕಿದರು. ಅವನು ಅಲ್ಲೇ ನಿಂತು ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಹೋದ.

ಹಿಂದಿನ ಸಾಲಿನಿಂದ ಮಿಸೆಸ್ ಡಾಲ್ಟನ್ ಕೇಳಿದರು. "ಜರ್ಮನಿ, ಏನು ಮಾಡ್ತಾ ಇದ್ದೀಯ?"

"ಯಾರ್ಯಾರು ನಗ್ತಾ ಇದಾರೆ ಅಂತ ನೆನಪಿಟ್ಕೊಳ್ತಾ ಇದೀನಿ" ಅಂದ ನಿಖಿಲ್.

ನಗು ಒಂದೊಂದು ಮೇಜಿನಲ್ಲೂ ನಿಂತುಹೋಯಿತು. ಇಟಲಿ ಎದ್ದು ಕುರ್ಚಿ ವಾಪಸ್ಸು ಕೊಡಲು ಹೋಯಿತು. ಅವನು ಬೇಡ ಅಂದ. ಸಾನಿಯಾ ನನ್ನ ಕಡೆ ತಿರುಗಿ, "ಮಿಸೆಸ್ ರಾವ್, ಆ ಸಾಲನ್ನು ಈಗ ಹೊಡೆದುಹಾಕಬಹುದಾ?" ಅಂತ ಮೆಲ್ಲಗೆ ಕೇಳಿದಳು. ಸಹಿ ಆಗಿಹೋಗಿದೆ ಮಗು ಅಂದೆ. ಮುಂದೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿರಲಿಲ್ಲ. ಆ ಕೋಣೆಯಲ್ಲಿ ಪ್ರತಿಯೊಂದು ಮಗುವಿಗೂ ಗೊತ್ತಾಗಿತ್ತು.

ಬೆಲ್ಲು ಹೊಡೆದು ಮಕ್ಕಳು ಹೋದ ಮೇಲೆ ಮಿಸೆಸ್ ಡಾಲ್ಟನ್ ತಮ್ಮ ಕಾಗದಗಳನ್ನು ಜೋಡಿಸಿಕೊಂಡು ಎದ್ದರು. ಅವರು ಬಾಗಿಲ ತನಕ ಹೋಗಿ, ಬೇರೇನೋ ಯೋಚಿಸುತ್ತಿರುವವರ ಹಾಗೆ, "ಮುಂದಿನ ವರ್ಷ ನನ್ನ ಕ್ಲಾಸಿನವರನ್ನೂ ಸೇರಿಸಿಕೊಳ್ಳಿ, ಎರಡನೇ ಮಹಾಯುದ್ಧವನ್ನೂ ಹೀಗೇ ಮಾಡೋಣ. ಬಾದಾಮಿ ಮಾತ್ರ ಬೇಡ" ಅಂದು ಹೊರಟುಹೋದರು.

ನಾನು ಪಾರ್ಕಿಂಗ್ ಲಾಟಿಗೆ ಓಡಿದೆ, ಸೀರೆ ಉಟ್ಟಿರಲಿಲ್ಲ, ಅದೊಂದೇ ಪುಣ್ಯ. ಕಾರಿನೊಳಗೆ ಕೂತು ರಘುಗೆ ಫೋನು ಮಾಡಿದೆ.

"ರೀ, ಮುಂದಿನ ವರ್ಷ ಅಂದ್ರು!"

"ಏನು ಮುಂದಿನ ವರ್ಷ?"

"ಅದೇನೋ ಎರಡನೇ ಮಹಾಯುದ್ಧ ಮಾಡೋಣ ಅಂದ್ರು. ಅದು ಬಿಡಿ. ಮುಂದಿನ ವರ್ಷ ಅಂದ್ರು ರೀ, ನನಗೆ, ಮುಂದಿನ ವರ್ಷ."